ಸೋತವರ ಗುಡ್ಡೆ

ಹೊಸತೊಡಕಿನ ಬೆಳಗ್ಗೆ ದೊಡ್ಡಬಳ್ಳಾಪುರದಲ್ಲಿ ನಿಮ್ಮನ್ನು ಎಬ್ಬಿಸುವುದು ಅಲಾರಂ ಅಲ್ಲ, ಕುರಿಯ ತಲೆ ಸುಡುವ ವಾಸನೆ. ಹಿಂದಿನ ದಿನ ಯುಗಾದಿಗೆ ಹೋಳಿಗೆ ತಿಂದು ಸಾಧುಗಳಂತಿದ್ದವರೆಲ್ಲ ಅಂದು ಚೀಲ ಹಿಡಿದು ಮಟನ್ ಅಂಗಡಿಯ ಮುಂದೆ ಸಾಲು ನಿಂತಿರುತ್ತಾರೆ. ಈ ಸಲ ಆ ಸಾಲಿನಲ್ಲಿ ನಾನೂ ಇದ್ದೆ. ಸಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ಸುಮ್ಮನೆ ನಿಂತವನಿಗೆ ಹಳೆಯದು ನೆನಪಾಗದೆ ಇನ್ನೇನಾಗುತ್ತದೆ ಹೇಳಿ? ನನಗೆ ಸಾಸಲು ಕಡೆಯ ನನ್ನ ಸೋದರಮಾವ ನೆನಪಾದರು.

ಚಿಕ್ಕಂದಿನಲ್ಲಿ ಯುಗಾದಿಗೆ ನಾವು ಮಾವನ ಊರಿಗೇ ಹೋಗುತ್ತಿದ್ದೆವು. ಮಧ್ಯಾಹ್ನ ಹೊಂಗೆಮರದ ಕೆಳಗೆ ಚಾಪೆ ಹಾಸಿ ಇಸ್ಪೀಟು ಶುರುವಾಗುತ್ತಿತ್ತು. ವರ್ಷವಿಡೀ ಎಲೆ ಮುಟ್ಟದವರೂ ಅಂದು ಕೂರುತ್ತಿದ್ದರು. ಹಬ್ಬದ ದಿನ ಆಡದವನು ಮುಂದಿನ ಜನ್ಮದಲ್ಲಿ ಕತ್ತೆಯಾಗುತ್ತಾನೆ ಎಂದು ಮಾವ ಹೆದರಿಸುತ್ತಿದ್ದರು. ಕತ್ತೆ ಕೆಲವು ವರ್ಷ ಕೋತಿಯೂ ಆಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಆಟ ನಿಲ್ಲಬೇಕು. ಹೆಚ್ಚು ಗೆದ್ದವನು ಮಾರನೆಯ ದಿನ ಆ ದುಡ್ಡಿನಲ್ಲಿ ಕುರಿ ತರಬೇಕು. ಕುರಿ ಕೊಯ್ದು, ಮುತ್ತುಗದ ಎಲೆಗಳ ಮೇಲೆ ಮನೆಗೊಂದರಂತೆ ಮಾಂಸದ ಗುಡ್ಡೆ ಹಾಕುತ್ತಿದ್ದರು. ಮೊದಲ ಗುಡ್ಡೆ ಎತ್ತಿಕೊಳ್ಳುವ ಹಕ್ಕು ಎಲ್ಲರಿಗಿಂತ ಹೆಚ್ಚು ಸೋತವನದು. ಲಿವರ್ ಇರುತ್ತಿದ್ದುದು ಆ ಗುಡ್ಡೆಯಲ್ಲೇ. ಗೆದ್ದವನಿಗೆ ಕೊನೆಯ ಗುಡ್ಡೆ, ಅದರಲ್ಲಿ ಹೆಚ್ಚಿನದು ಮೂಳೆ.

ಮೀಸೆ ಚಿಗುರಿದ ವರ್ಷ ನಾನೂ ಚಾಪೆಯ ಮೇಲೆ ಕೂತು ಸೊಗಸಾಗಿ ಸೋತೆ. ಕೈಯಲ್ಲಿ ಯಾವ ಎಲೆ ಇದೆಯೆಂದು ನನ್ನ ಮುಖ ನೋಡಿಯೇ ಹೇಳಬಹುದಿತ್ತಂತೆ. ಆದರೆ ನಾನು ತಂದ ಲಿವರ್ ನೋಡಿ ಅಮ್ಮ, "ಬರೋ ವರ್ಷಾನೂ ಹೋಗಿ ಆಡಪ್ಪಾ" ಅಂದಳು. ಸೋತು ಮನೆಗೆ ಹೋಗಲು ನಾಚಿಕೆಪಡಬೇಕಾಗಿಲ್ಲದ ಜೂಜನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ.

ಕಾಲ ಕಳೆದಂತೆ ಚಾಪೆ ಖಾಲಿಯಾಯಿತು. ಒಬ್ಬರು ಹೊಲ ಮಾರಿ ಹೊಸಕೋಟೆಗೆ ಹೋದರು, ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರು ಮಾಲೆ ಹಾಕಿದವರು ಎಲೆ ಮುಟ್ಟುವುದನ್ನೇ ಬಿಟ್ಟರು. ಮಾವನ ಕೈಗೆ ಫೋನು ಬಂತು. ಅದರೊಳಗೂ ರಮ್ಮಿ ಇತ್ತು. ಅದಕ್ಕೆ ಯುಗಾದಿಯೂ ಬೇಕಿರಲಿಲ್ಲ, ದೀಪ ಹಚ್ಚುವ ಹೊತ್ತೂ ಇರಲಿಲ್ಲ. ಒಂದು ವರ್ಷ ಯಾವುದೋ ಕಂಪನಿಯ ಆಟದಲ್ಲಿ ಮಾವ ಚೆನ್ನಾಗಿ ಸೋತರು. ಸೋತದ್ದು ಅತ್ತೆಯ ದುಡ್ಡು. ಎರಡನೆಯ ಹಸು ಕೊಳ್ಳಲೆಂದು ಅತ್ತೆ ಡೇರಿಗೆ ಹಾಲು ಹಾಕಿ ಉಳಿಸಿಕೊಂಡಿದ್ದ ದುಡ್ಡು. ವಿಷಯ ತಿಳಿದ ಅತ್ತೆ ಕೂಗಾಡಲಿಲ್ಲ, ಮಾತು ಬಿಟ್ಟರು.

ಮರುವರ್ಷ ಇನ್ನೊಂದು ಕಂಪನಿಯ ಆಟದಲ್ಲಿ ಅದೃಷ್ಟ ತಿರುಗಿತು. ಯುಗಾದಿ ಹತ್ತಿರವಾದಾಗ ಮಾವ ಫೋನ್ ಮಾಡಿದರು. "ಲೋ, ಹಸೂಗೂ ಆಯ್ತು, ಕುರೀಗೂ ಆಯ್ತು ಕಣೋ. ಈ ಸಲ ಗುಡ್ಡೆ ಹಾಕ್ಸೋಣ, ಬಂದ್ಬಿಡು." ನನಗೆ ಹೇಳುವ ಮೊದಲೇ ಊರಿಗೆಲ್ಲ ಹೇಳಿಯಾಗಿತ್ತು.

ಒಂದೆರಡು ದಿನಕ್ಕೆ ನಮ್ಮ ಆಫೀಸಿಗೇ ಬಂದರು. ನಾನು ಆಡಿಟರ್ ಒಬ್ಬರ ಹತ್ತಿರ ಗುಮಾಸ್ತ. ನೆಂಟರ ಪಾಲಿಗೆ ನಾನೇ ಆಡಿಟರ್ರು.

"ಫೋನಲ್ಲಿ ತೋರ್ಸಿದ್ದೊಂದು, ಬ್ಯಾಂಕಿಗೆ ಬಂದಿದ್ದೊಂದು. ಇದೇನಪ್ಪಾ?"

"ಟ್ಯಾಕ್ಸ್ ಮಾವ. ನೂರಕ್ಕೆ ಮೂವತ್ತು ಹಿಡ್ಕೊಂಡವ್ರೆ."

"ಸಣ್ಣಸಣ್ಣದಾಗಿ ಗೆದ್ರೆ ಹಿಡಿಯಲ್ಲ ಅಂದಿದ್ರು?"

"ಅದು ಹಳೇ ಕಾನೂನು. ಆಗ ಒಂದು ಆಟದಲ್ಲಿ ದೊಡ್ಡದಾಗಿ ಗೆದ್ರೆ ಮಾತ್ರ ಹಿಡೀತಿದ್ರು. ಈಗ ವರ್ಷದ್ದೆಲ್ಲ ಸೇರ್ಸಿ, ಗೆದ್ದು ಉಳಿದಿದ್ರಲ್ಲಿ ಹಿಡೀತಾರೆ."

"ಸರಿ ಹಂಗಾದ್ರೆ. ಹೋದ್ವರ್ಷ ಸೋತಿದ್ದನ್ನ ಇದ್ರಲ್ಲಿ ಕಳಿ."

"ಕಳಿಯೋಕಾಗಲ್ಲ ಮಾವ. ಬೇರೆ ವರ್ಷದ್ದು, ಬೇರೆ ಕಂಪನೀದು. ಅದು ಲೆಕ್ಕಕ್ಕೇ ಬರಲ್ಲ."

ಮಾವ ಫೋನನ್ನು ಮೇಜಿನ ಮೇಲಿಟ್ಟರು. "ಗೆದ್ದಿದ್ದು ಕಾಣ್ಸುತ್ತೆ, ಸೋತಿದ್ದು ಕಾಣ್ಸಲ್ವಾ ಅವ್ರಿಗೆ?" ನಾನು ಟೀ ತರಿಸಿದೆ. ಕಾನೂನಿನ ಪುಸ್ತಕಗಳು ತುಂಬಿದ ಬೀರುವಿನ ಎದುರೇ ಕೂತಿದ್ದೆವು, ಅದೊಂದು ತಮಾಷೆ.

ಉಳಿದ ದುಡ್ಡಿಗೆ ಹಸು ಬರುತ್ತಿತ್ತು. ಕುರಿ ತಂದರೆ ಹಸುವಿಗೆ ಸಾಲುತ್ತಿರಲಿಲ್ಲ. ಕುರಿಯ ಮಾತು ಬಿಡಿ ಮಾವ ಅಂದೆ. "ಊರಿಗೆಲ್ಲ ಹೇಳ್ಬಿಟ್ಟಿದ್ದೀನಿ ಕಣೋ. ಗೆದ್ದೋನು ಕುರಿ ತರ್ದೆ ಇರಕ್ಕಾಗುತ್ತಾ?" ಅಂದರು. ಆಡಿದ ಮಾತಿಗೆ ತಪ್ಪುವ ಜನ ಎಷ್ಟೋ ಇದ್ದಾರೆ. ಅವತ್ತೊಂದು ದಿನ ಮಾವನೂ ಅವರ ಜೊತೆ ಸೇರಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಕುರಿ ಬಂತು. ಎಷ್ಟೋ ವರ್ಷದ ಮೇಲೆ ಮನೆಯ ಮುಂದೆ ಎಲೆ ಹರಡಿ ಗುಡ್ಡೆ ಹಾಕಿದರು. ಪಾತ್ರೆ ಹಿಡಿದು ಎಲ್ಲರೂ ನಿಂತರು, ಯಾರೂ ಕೈ ಹಾಕಲಿಲ್ಲ. ಮೊದಲ ಗುಡ್ಡೆ ಯಾರದು? ಅಲ್ಲಿದ್ದವರು ಯಾರೂ ಆಡಿರಲಿಲ್ಲ, ಸೋತೂ ಇರಲಿಲ್ಲ. "ಫೋನಲ್ಲಿ ಸೋತೋನು ಯಾವೂರೋನೋ ಏನೋ, ಪಾರ್ಸಲ್ ಕಳ್ಸಿ ಗುರು" ಎಂದು ಹುಡುಗನೊಬ್ಬ ನಗಿಸಿದ. ಮಾವ ನಗಲಿಲ್ಲ. ಬಗ್ಗಿ, ಆ ಗುಡ್ಡೆಯನ್ನು ಎಲೆಯ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ಹೊಸ್ತಿಲಲ್ಲಿ ನಿಂತಿದ್ದ ಅತ್ತೆಯ ಹತ್ತಿರ ಹೋದರು.

"ತಗೋ. ಎಲ್ರಿಗಿಂತ ಜಾಸ್ತಿ ಸೋತೋಳು ನೀನು."

ಊರಿನ ಎದುರು ಹೆಂಡತಿಗೆ ಹಾಗೆ ಹೇಳಲು ಮಾವನಂಥ ಗಂಡಸಿಗೆ ಎಷ್ಟು ಕಷ್ಟವಾಗಿರಬೇಕು. ಅತ್ತೆ ಈಗ ಕೈಚಾಚುತ್ತಾರೆ, ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಅತ್ತೆ ಆ ಮಾಂಸವನ್ನು ನೋಡಿದರು.

"ನಂಗ್ಯಾಕೆ ಇದು? ನಾನು ಆಡೇ ಇರ್ಲಿಲ್ವಲ್ಲ."

ಅಷ್ಟು ಹೇಳಿ ಕೊಟ್ಟಿಗೆಗೆ ಹೋದರು. ಮಾವ ಎಲೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಜನ ತಮ್ಮ ತಮ್ಮ ಗುಡ್ಡೆ ತೆಗೆದುಕೊಂಡು ಹೊರಟರು. ಆ ಊರಿನಲ್ಲಿ ಮತ್ತೆ ಗುಡ್ಡೆ ಹಾಕಲಿಲ್ಲ. ಎರಡನೆಯ ಹಸುವೂ ಬರಲಿಲ್ಲ. ಈಚೆಗೆ ದುಡ್ಡು ಕಟ್ಟಿ ಆಡುವ ಫೋನಿನ ಆಟಗಳನ್ನೇ ಸರ್ಕಾರ ನಿಲ್ಲಿಸಿದೆ. ಸುದ್ದಿ ಹೇಳಿದಾಗ ಮಾವ "ಹೌದಾ" ಅಂದರಷ್ಟೆ.

ಕೊನೆಗೂ ಅಂಗಡಿಯಲ್ಲಿ ನನ್ನ ಸರದಿ ಬಂತು. ಮನೆಗೆಂದು ಅರ್ಧ ಕೆಜಿ ಕೇಳಬೇಕಾದವನು ಒಂದೂವರೆ ಕೇಳಿದೆ. ಅರ್ಧ ಮನೆಯಲ್ಲಿ ಕೊಟ್ಟು, ಉಳಿದದ್ದನ್ನು ಹಿಡಿದು ಸಾಸಲು ಬಸ್ಸು ಹತ್ತಿದೆ. ಮಾವ ಜಗಲಿಯ ಮೇಲಿದ್ದರು. ಚೀಲ ನೋಡಿ ಮುಖ ಆಚೆ ತಿರುಗಿಸಿದರು. ಅತ್ತೆ ಹಾಲಿನ ಕ್ಯಾನು ತೊಳೆಯುತ್ತಿದ್ದರು.

"ಏನೋ ಅದು?"

"ಬಾಡು ಅತ್ತೆ. ಹೊಸತೊಡಕಲ್ವಾ."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. "ಯಾರು ಗೆದ್ದಿದ್ದು?"

"ಯಾರೂ ಗೆದ್ದಿಲ್ಲ ಅತ್ತೆ. ನನ್ನ ಸಂಬಳದ್ದು, ಸಾಲಲ್ಲಿ ನಿಂತು ತಂದೆ."

"ಹಂಗಾದ್ರೆ ಒಳಗೆ ತಾ" ಅಂದರು.