ಮೆಣಸಿನಕಾಯಿಯ ಸರದಿ

"ಮೇಷ್ಟ್ರೇ, ಖಾರದ ಮಿಷನ್ ಕೆಟ್ಟೋಗದೆ. ಎಲ್ಲಾ ಒಂದರಲ್ಲೇ ಬೀಸಬೇಕು. ನಿಮ್ಮ ಮೆಣಸಿನಕಾಯಿ ಕೊನೇಗೆ ಹಾಕ್ತೀನಿ" ಎಂದ, ಶಿಡ್ಲಘಟ್ಟದ ಹಳೇ ಪೇಟೆಯ ನಮ್ಮ ಹಿಟ್ಟಿನ ಗಿರಣಿಯವನು. ಏಳು ಗಂಟೆಗೇ ಬಂದು ಎಲ್ಲರಿಗಿಂತ ಮೊದಲು ಡಬ್ಬ ಇಟ್ಟವನು ನಾನು. "ಸಾಲು ಅಂದ್ರೆ ಸಾಲು ಕಣಪ್ಪ" ಎಂದೆ. ಅವನು ನನ್ನ ಮೆಣಸಿನಕಾಯಿಯನ್ನೇ ಮೊದಲು ಬೀಸಿಕೊಟ್ಟ.

ನನ್ನ ಹಿಂದೆ ನಿಂತಿದ್ದ ಹೆಣ್ಣುಮಗಳು ತನ್ನ ಡಬ್ಬ ಎತ್ತಿಕೊಂಡು ಹೊರಟಳು. ಅದರಲ್ಲಿದ್ದದ್ದು ಮಗುವಿಗೆ ಉಣಿಸುವ ಸರಿಗೆಂದು ಮೊಳಕೆ ಕಟ್ಟಿ ಒಣಗಿಸಿದ ರಾಗಿ. ಮಿಷನ್ನಿನೊಳಗೆ ಉಳಿದ ಖಾರವೆಲ್ಲ ಮುಂದಿನವರ ಹಿಟ್ಟಿಗೆ ಸೇರುತ್ತದೆಂಬುದು ನನಗೆ ಆಗ ಹೊಳೆಯಿತು.

ಸಾಲಿನ ಕೊನೆಯಲ್ಲಿದ್ದ ಹೂ ಮಾರುವ ಮುನಿಯಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು.

"ಮೊದ್ಲು ನನ್ನ ರಾಗಿ ಹಾಕಪ್ಪ. ಮುದ್ದೆ ಖಾರ ಆದ್ರೆ ಸಾರಿಗೆ ಮೆಣಸಿನಕಾಯಿ ಮಿಗ್ತದೆ. ಕೂಸು ತಡ್ಕೊಳ್ತದಾ?"

ಎಲ್ಲರೂ ನಕ್ಕರು. ಮುನಿಯಮ್ಮನ ಹಿಟ್ಟು ಘಾಟು ಹೊತ್ತು ಹೊರಬಂತು. ಆಮೇಲೆ ಮಗುವಿನ ರಾಗಿ ಬೀಸಿ, ಆ ಹಿಟ್ಟನ್ನು ಗಿರಣಿಯವನು ನಾಲಿಗೆಗೆ ಇಟ್ಟು ನೋಡಿ, ಖಾರವಿಲ್ಲವೆಂದು ತಲೆಯಾಡಿಸಿದ.

ಈಗಲೂ ಏಳು ಗಂಟೆಗೇ ಹೋಗುತ್ತೇನೆ. ಮೆಣಸಿನಕಾಯಿ ಒಯ್ದ ದಿನ ಮಾತ್ರ, ಹೊಸಬರು ಬಂದಂತೆಲ್ಲ ನನ್ನ ಡಬ್ಬವನ್ನು ನಾನೇ ಹಿಂದಕ್ಕೆ ಸರಿಸುತ್ತೇನೆ.