ಕಾಲಿಗೆ ಕಾವು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಗದಿಗೆಮ್ಮನ ಮನೆಯಲ್ಲಿ ಇಬ್ಬರಿಗೂ ಸೇರಿ ಸಿಕ್ಕಿದ್ದು ಒಂದೇ ಕಾಲ, ಅದೂ ಚಳಿಗಾಲ. ಯಾದಗಿರಿ ಕಡೆಯವಳು. ತೆಲುಗು ಸೀಮೆಯ ಮಿಯಾಪುರದ ಅಪಾರ್ಟ್‌ಮೆಂಟುಗಳ ಬೆನ್ನಿಗಿರುವ ಸುಬ್ಬರಾಯನ ಎಮ್ಮೆ ಕೊಟ್ಟಿಗೆಯಲ್ಲಿ ಹದಿನಾಲ್ಕು ವರ್ಷದಿಂದ ಆಳು. ಬೆಳಕು ಹರಿಯುವ ಮೊದಲೇ ಸಗಣಿ ಬಾಚಿ, ನೆಲ ತೊಳೆದು, ಹಾಲು ಕರೆಯಬೇಕು. ಡಿಸೆಂಬರ್ ಬಂತೆಂದರೆ ಸುಬ್ಬರಾಯ ಒಂದೊಂದು ಎಮ್ಮೆಗೂ ಗೋಣಿ ಹೊದಿಸುತ್ತಿದ್ದ. ಎಮ್ಮೆಗೆ ಥಂಡಿ ಹತ್ತಿದರೆ ಹಾಲು ಕಡಿಮೆಯಾಗುತ್ತದೆ. ಆಳಿಗೆ ಹತ್ತಿದರೆ ಸಾಹುಕಾರನದೇನೂ ಕಡಿಮೆಯಾಗುವುದಿಲ್ಲವಲ್ಲ.

ತೊಳೆದ ನೆಲದ ಮೇಲೆ ಚಪ್ಪಲಿ ಜಾರುತ್ತಿತ್ತು. ಹಾಗಾಗಿ ಬರಿಗಾಲು. ಅದಕ್ಕೆ ಗದಿಗೆಮ್ಮ ತಾಯಿಯಿಂದ ಕಲಿತ ಒಂದು ಉಪಾಯವಿತ್ತು. ಎಮ್ಮೆ ಸಗಣಿ ಹಾಕಿದ ಕೂಡಲೇ ಓಡಿಹೋಗಿ ಎರಡೂ ಪಾದ ಅದರಲ್ಲಿ ಹೂತು ನಿಲ್ಲುವುದು. ಹೊಸ ಸಗಣಿಯ ಬಿಸಿ ಮೀನಖಂಡದವರೆಗೆ ಏರುತ್ತಿತ್ತು.

ದೀಪಾವಳಿಯ ಹೊತ್ತಿಗೆ ಸೊಸೆ ರೇಣುಕಾ ಬಂದಳು. ಗಂಡ ಪರಮೇಶ ಮಣಿಕೊಂಡದಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕಿದ್ದು, ಭಾನುವಾರಕ್ಕೊಮ್ಮೆ ಬರುತ್ತಿದ್ದ. ರೇಣುಕಾ ತಾಯಿಯಿಲ್ಲದೆ ಚಿಕ್ಕಮ್ಮನ ಮನೆಯಲ್ಲಿ ಬೈಗುಳ ತಿಂದು ಬೆಳೆದ ಹುಡುಗಿ. ಕೊಟ್ಟಿಗೆಯ ತಣ್ಣೀರಿಗೆ ಮೊದಲ ವಾರವೇ ಹಿಮ್ಮಡಿ ಬಿರಿದು ಕಣ್ಣಲ್ಲಿ ನೀರು ತಂದುಕೊಂಡಳು. ಗದಿಗೆಮ್ಮನ ಬಾಯಿ ಜೋರು, ಕರುಳು ಮೆತ್ತಗೆ. ಆ ಪಾದಗಳನ್ನು ನೋಡಿ ಅವಳಿಗೆ ಸಂಕಟವಾಯಿತು.

ಒಂದು ಬೆಳಿಗ್ಗೆ ಮೇವಿನ ಗೋದಲಿಯ ಹತ್ತಿರ ಬಿದ್ದಿದ್ದ ಮೊಳೆ ರೇಣುಕಾಳ ಹಿಮ್ಮಡಿಗೆ ಚುಚ್ಚಿತು. ಮೊಳೆ ಕಿತ್ತೆಸೆದು, ಕುಂಟುತ್ತಿದ್ದವಳ ಕೈಹಿಡಿದು ಗದಿಗೆಮ್ಮ ಹಬೆಯಾಡುವ ಸಗಣಿಯ ಮೇಲೆ ತಂದು ನಿಲ್ಲಿಸಿದಳು.

"ನಿಂದ್ರವ್ವ. ಕಾವು ಹತ್ತಿದ್ರ ನೋವು ತಾನs ಹೋಗ್ತೈತಿ."

ರೇಣುಕಾ ಕಣ್ಣು ಮುಚ್ಚಿ ನಕ್ಕಳು. ಆಮೇಲೆ ದಿನಾ ಹಾಗೆಯೇ, ಅತ್ತೆ ಸೊಸೆ ಒಬ್ಬರ ಭುಜ ಒಬ್ಬರು ಹಿಡಿದು ನಿಲ್ಲುತ್ತಿದ್ದರು.

ಮೊಳೆ ಚುಚ್ಚಿದ ಒಂಬತ್ತನೆಯ ದಿನ ರೊಟ್ಟಿ ತಿನ್ನಲು ರೇಣುಕಾಳ ಬಾಯಿ ತೆರೆಯಲಿಲ್ಲ. ಥಂಡಿಗೆ ದವಡೆ ಹಿಡಿದಿದೆ ಎಂದು ಗದಿಗೆಮ್ಮ ತೀರ್ಮಾನಿಸಿದಳು. ಉಸುಕು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು, ಇದ್ದ ಎರಡೂ ಕೌದಿ ಹೊದಿಸಿದಳು, ಒಲೆಯ ಕೆಂಡವನ್ನು ಮಗ್ಗುಲಿಗೇ ತಂದಿಟ್ಟಳು. ಎರಡು ದಿನ ಹೀಗೇ ಹಾಳಾದವು. ಮೂರನೆಯ ದಿನ ಹುಡುಗಿಯ ಬೆನ್ನು ಬಿಲ್ಲಾಯಿತು. ಪರಮೇಶ ಓಡಿಬಂದು ದೊಡ್ಡಾಸ್ಪತ್ರೆಗೆ ಹೊತ್ತೊಯ್ದ.

ಪರಮೇಶ ಚೀಟಿ ಹಿಡಿದು ಔಷಧಿಗೆ ಹೋಗಿದ್ದಾಗ ಡಾಕ್ಟರು ಹಿಮ್ಮಡಿ ನೋಡಿ, ಈ ಗಾಯ ಎಲ್ಲೆಲ್ಲಿ ಸೋಕಿತ್ತು ಎಂದು ತೆಲುಗಿನಲ್ಲಿ ಕೇಳಿದರು. ಗದಿಗೆಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲ. ಇದು ಥಂಡಿಯಲ್ಲ, ಧನುರ್ವಾಯು. ಅದರ ಸೋಂಕು ಸಗಣಿಯಿಂದ ಗಾಯದೊಳಗೆ ಹೋಗಿದೆ, ಮೊಳೆ ಚುಚ್ಚಿದ ದಿನವೇ ಒಂದು ಸೂಜಿ ಹಾಕಿಸಿದ್ದರೆ ಸಾಕಿತ್ತು ಎಂದರು. ಆಸ್ಪತ್ರೆ ಸೇರಿದ ಐದನೆಯ ದಿನ ರೇಣುಕಾ ತೀರಿಕೊಂಡಳು.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಜನ ಸಲೀಸಾಗಿ ಆಡುತ್ತಾರೆ. ಆ ಬುದ್ಧಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಗದಿಗೆಮ್ಮ ಮೂರು ದಿನ ಅನ್ನ ಮುಟ್ಟಲಿಲ್ಲ. ಪರಮೇಶ ಮೊಳೆಯನ್ನು ಬೈಯುತ್ತಾನೆ, ಸುಬ್ಬರಾಯನನ್ನು ಬೈಯುತ್ತಾನೆ, ತಾಯಿಯೊಬ್ಬಳನ್ನು ಬಿಟ್ಟು. ಮಣ್ಣು ಕೊಟ್ಟು ಬಂದ ಮೂರನೆಯ ದಿನ ತಡೆಯಲಾರದೆ ಮಗನೆದುರು ಕೂತಳು. ಹೊಡೆದರೂ ಹೊಡೆಸಿಕೊಳ್ಳಬೇಕೆಂದೇ ಕೂತಳು.

"ಆ ಗಾಯದ ಕಾಲು ಸಗಣ್ಯಾಗ ಇಡಿಸಿದಾಕಿ ನಾನಪ್ಪ. ನನ್ನಿಂದನs ಹೋತು ಜೀವ."



"ಸಗಣ್ಯಾಗ ನಿಂದರಸ್ತಿದ್ದಿ ಅಂತ ಗೊತ್ತೈತಿಬೇ," ಎಂದ ಪರಮೇಶ. "ದಿನಾ ಫೋನ್‌ನ್ಯಾಗ ಅದನ್ನs ಹೇಳ್ತಿದ್ಲು. ಹಡದಾಕಿ ಇದ್ದಿದ್ರೂ ನನ್ನ ಕಾಲು ಇಷ್ಟು ಬೆಚ್ಚಗ ಮಾಡ್ತಿದ್ದಿಲ್ಲ ಅಂತಿದ್ಲು."

ಅವನು ಬೈದಿದ್ದರೆ ಗದಿಗೆಮ್ಮ ಹೇಗೋ ಬದುಕಿಕೊಳ್ಳುತ್ತಿದ್ದಳು.