ದುರ್ಬೀನಿನ ಮೂರು ತಿರುಪು

ಹೇಳಬೇಕಾದದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ತಂಗಿ ಇಪ್ಪತ್ತೆರಡು ಜನರೆದುರು ತಲೆ ತಗ್ಗಿಸಿ ನಿಂತಿದ್ದಳು. ನಾನು ಎರಡು ಮಾರು ದೂರದಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ. ಬಾಯಿ ತುಂಬಿತ್ತು ಎಂದು ನೆಪ ಹೇಳಬಹುದು. ಆದರೆ ಮಂಡಕ್ಕಿ ಎಷ್ಟು ಹೊತ್ತು ಬಾಯಲ್ಲಿ ನಿಲ್ಲುತ್ತದೆ, ನೀವೇ ಹೇಳಿ.

ನನ್ನದು ಭದ್ರಾವತಿಯಲ್ಲಿ ಒಂದು ಲೇತ್ ಅಂಗಡಿ. ಓದಿದ್ದು ಏಳನೇ ಕ್ಲಾಸು. ಶಾಲೆಯ ದಾರಿಯಲ್ಲಿ ಒಂದು ವರ್ಕ್‌ಶಾಪ್ ಇತ್ತು. ಅದರ ಮುಂದೆ ನಿಂತವನು ಮತ್ತೆ ಶಾಲೆ ತಲುಪಲಿಲ್ಲ. ಅಲ್ಲಿನ ಮೇಸ್ತ್ರಿ ಕಲಿಸಿದ ಮೊದಲ ಪಾಠ, ಸಡಿಲ ಇದ್ದದ್ದು ಸದ್ದು ಮಾಡುತ್ತೆ, ಸದ್ದು ಮಾಡಿದ್ದು ಮುರಿಯುತ್ತೆ ಅಂತ. ಅಂದಿನಿಂದ ಜೇಬಿನಲ್ಲಿ ಒಂದು ಸಣ್ಣ ಸ್ಪ್ಯಾನರ್ ಇದ್ದೇ ಇರುತ್ತದೆ. ಬಸ್ಸಿನ ಸೀಟು ಅಲ್ಲಾಡಿದರೆ ಬಿಗಿ ಮಾಡುತ್ತೇನೆ. ಊಟಕ್ಕೆ ಕರೆದ ಮದುವೆಯಲ್ಲಿ ಕುರ್ಚಿ ಬಿಗಿ ಮಾಡಿದ್ದೇನೆ. ತಂಗಿಯ ಗಂಡನ ಮನೆಗೆ ಮೊದಲ ಸಲ ಹೋದಾಗ ತೊಟ್ಟಿಕ್ಕುವ ನಲ್ಲಿಯನ್ನು ಬಿಗಿ ಮಾಡಹೋಗಿ ಅದು ಕೈಗೇ ಬಂತು. ಬೀಗರೆಲ್ಲ ಹೋಳಿಗೆ ಬಿಟ್ಟು ನೀರು ಬಳಿದರು. ಅಷ್ಟಾದರೂ ಬುದ್ಧಿ ಬರಲಿಲ್ಲ.

ತಂಗಿ ಸುಮಾ ಶಿವಮೊಗ್ಗದ ವಿದ್ಯಾನಗರದಲ್ಲಿದ್ದಾಳೆ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅವಳದೊಂದು ನಕ್ಷತ್ರ ನೋಡುವ ಗುಂಪಿದೆ. ಮಕ್ಕಳು, ಅವರ ತಂದೆತಾಯಿ, ಜೊತೆಗೆ ಬ್ಯಾಂಕಿನಿಂದ ರಿಟೈರ್ ಆಗಿ ಎಲ್ಲರಿಗೂ ಬುದ್ಧಿ ಹೇಳುವ ಕೆಲಸ ಹಿಡಿದಿರುವ ನಾಗರಾಜಪ್ಪನವರು. ಚಳಿಗಾಲದಲ್ಲೊಂದು ಸಲ ಬೆಟ್ಟ ಹತ್ತಿ, ಟೆಂಟ್ ಹಾಕಿ, ಇಡೀ ರಾತ್ರಿ ದುರ್ಬೀನಿನಲ್ಲಿ ಆಕಾಶ ನೋಡುವುದು ಅವರ ಪದ್ಧತಿ. ಈ ಸಲ ನನ್ನನ್ನೂ ಕರೆದಳು. “ಬಾರೋ ಅಣ್ಣ, ಒಂದಿನ ಆ ಗ್ರೀಸು ಬಿಟ್ಟು ಮೇಲೆ ನೋಡು.”

ಬೆಟ್ಟದ ಮೇಲೆ ಎಲ್ಲರಿಗೂ ನನ್ನ ಪರಿಚಯ ಮಾಡಿಕೊಟ್ಟಳು. “ಇವನು ನಮ್ಮಣ್ಣ. ಇವನು ಮುಟ್ಟಿದ ಮೆಷಿನ್ ಇವತ್ತಿನವರೆಗೂ ಕೆಟ್ಟಿಲ್ಲ.” ನಲ್ಲಿಯ ವಿಷಯ ಅವಳಿಗೆ ಗೊತ್ತು. ಆದರೂ ಹಾಗಂದಳು. ನನಗೆ ಎದೆ ಉಬ್ಬಿತು. ಆಮೇಲೆ ಟೆಂಟು ಕಟ್ಟಲು ಹೋಗುತ್ತಾ, “ಇದನ್ನ ಸ್ವಲ್ಪ ನೋಡ್ಕೊಂಡಿರು” ಎಂದು ದುರ್ಬೀನನ್ನು ನನಗೊಪ್ಪಿಸಿದಳು.

ನೋಡಿಕೊಂಡೆ. ಗೇಣಗಲದ ಕೊಳವೆ, ತಳದಲ್ಲಿ ಕನ್ನಡಿ, ಕನ್ನಡಿಯ ಹಿಂದೆ ಮೂರು ತಿರುಪು. ಮೂರಕ್ಕೂ ಸ್ಪ್ರಿಂಗು. ಮುಟ್ಟಿ ನೋಡಿದರೆ ಮೂರೂ ಸಡಿಲ! ಇಷ್ಟು ದೂರ ಹೊತ್ತು ತಂದದ್ದರಲ್ಲಿ ಸಡಿಲಾಗಿರಬೇಕು, ಪಾಪ, ಹೆಣ್ಣುಮಗಳಿಗೆ ಹೇಗೆ ಗೊತ್ತಾಗಬೇಕು ಅಂದುಕೊಂಡೆ. ಸ್ಪ್ಯಾನರ್ ತೆಗೆದು, ಒಂದೊಂದನ್ನೂ ಅಲ್ಲಾಡದಂತೆ ಕೊನೆಯವರೆಗೆ ತಿರುಗಿಸಿದೆ. ಒಳ್ಳೆಯ ಕೆಲಸ ಮಾಡಿದೆನೆಂದು ನೆಮ್ಮದಿಯಾಗಿ ಬೀಡಿ ಹಚ್ಚಿದೆ.

ಕತ್ತಲಾಯಿತು. ಸುಮಾ ಮೊದಲು ಬರಿಗಣ್ಣಿಗೆ ಕಾಣುವುದನ್ನು ತೋರಿಸಿದಳು. “ಅಗೋ, ಆ ಕೆಂಪಗಿರೋದು ಆರಿದ್ರಾ.” ನನಗೆ ಗಲಿಬಿಲಿ. ಆರಿದ್ರಾ ಎಂದರೆ ಮಳೆಯಲ್ಲವೆ? ನಮ್ಮವ್ವ ಮಘೆ ಮಳೆ, ಹಸ್ತದ ಮಳೆ ಅನ್ನುತ್ತಿದ್ದಳು. ಅವೆಲ್ಲ ಮೇಲೆ ಹೀಗೆ ಒಣಗಿಕೊಂಡು ಹೊಳೆಯುತ್ತವೆಂದು ಯಾರೂ ನನಗೆ ಹೇಳಿರಲಿಲ್ಲ. ಐವತ್ತು ವರ್ಷ ನಕ್ಷತ್ರದಲ್ಲಿ ನೆನೆದಿದ್ದೇನೆ, ಒಂದನ್ನೂ ಕಂಡಿರಲಿಲ್ಲ.

ಆಮೇಲೆ ದುರ್ಬೀನಿನ ಸರದಿ. ಗುರು ಗ್ರಹ, ಅದರ ಪಕ್ಕ ನಾಲ್ಕು ಚಂದ್ರ ಕಾಣಬೇಕಂತೆ. ನಾಗರಾಜಪ್ಪನವರು ಮೊದಲು ಬಗ್ಗಿದರು.

“ಏನ್ರೀ ಮೇಡಂ ಇದು? ಗುರುವೋ, ಅರ್ಧ ಬೆಂದ ಪಡ್ಡೋ?”

ಸುಮಾ ನೋಡಿದಳು. ಏನೇನೋ ತಿರುಗಿಸಿದಳು. ನಕ್ಷತ್ರಗಳಿಗೆಲ್ಲ ಬಾಲ ಬಂತು. ಒಂದು ಹುಡುಗಿ, “ಮಿಸ್, ಎಲ್ಲಾ ಧೂಮಕೇತುನಾ?” ಎಂದು ಆಸೆಯಿಂದ ಕೇಳಿತು.

“ಇಲ್ಲ ಪುಟ್ಟಿ, ಕನ್ನಡಿ ಹದ ತಪ್ಪಿದೆ. ಹಿಂದೆ ಮೂರು ತಿರುಪು ಇರುತ್ತೆ, ಕೂದಲೆಳೆಯಷ್ಟು ತಿರುಗಿದ್ರೂ ಎಲ್ಲಾ ಕೆಡುತ್ತೆ. ವಾರವೆಲ್ಲ ಕೂತು ಹೊಂದಿಸಿದ್ದೆ. ಹೊರಡೋ ಗಡಿಬಿಡೀಲಿ ನಾನೇ ಏನೋ ಮಾಡ್ಬಿಟ್ಟಿದೀನಿ.”

ಕೂದಲೆಳೆಯಷ್ಟು! ನಾನು ತಿರುಗಿಸಿದ್ದು ಮೂರು ಸುತ್ತು.

ಆ ರಾತ್ರಿ ನನ್ನ ತಲೆಯಲ್ಲಾದ ಗೊಂದಲವನ್ನು ಹೇಗೆ ಹೇಳಲಿ? ಬಿಗಿ ಮಾಡುವುದೂ ತಪ್ಪಾಗಬಹುದು ಎಂಬುದೇ ನನಗೆ ಹೊಸದು. ಸಡಿಲವಾಗಿದ್ದರೇನೇ ಸರಿಯಾಗಿರುವ ವಸ್ತು ಲೋಕದಲ್ಲಿ ಇನ್ನೆಷ್ಟಿವೆಯೋ, ಅದರಲ್ಲಿ ನಾನು ಎಷ್ಟನ್ನು ಕೆಡಿಸಿದ್ದೇನೋ. ಒಂದು ಮನಸ್ಸು ಹೇಳಿಬಿಡು ಅಂದಿತು. ಇನ್ನೊಂದು, ಇವನು ಮುಟ್ಟಿದ ಮೆಷಿನ್ ಕೆಟ್ಟಿಲ್ಲ ಅಂದಳಲ್ಲ, ಇನ್ನೊಂದು ಗಂಟೆ ಅದು ನಿಜವಾಗಿರಲಿ ಅಂದಿತು. ಗಂಟೆ ಕಳೆಯಿತು. ಅವಳು ಕತ್ತಲಲ್ಲಿ ಹೊಂದಿಸಲಾರದೆ ಒಬ್ಬೊಬ್ಬರ ಹತ್ತಿರವೂ ಸಾರಿ ಕೇಳಿದಳು. ನನ್ನ ಹತ್ತಿರವೂ ಕೇಳಿದಳು. “ನಿನ್ನನ್ನ ಸುಮ್ನೆ ಕರ್ಕೊಂಡು ಬಂದೆ ಅಣ್ಣ.” ನಾನು, “ಪರವಾಗಿಲ್ಲ ಬಿಡು” ಅಂದೆ. ಕ್ಷಮಿಸಿಯೂಬಿಟ್ಟೆ, ನೋಡಿ!

ಬೆಳಗ್ಗೆ ಚಹಾ ಕುಡಿಯುವಾಗ ಹೇಳೋಣ ಅಂದುಕೊಂಡೆ. ಚಹಾ ಬಿಸಿಯಿತ್ತು. ವ್ಯಾನಿನಲ್ಲಿ ಹೇಳೋಣ ಅಂದರೆ ಅವಳು ಕಿಟಕಿಗೆ ಮುಖ ಮಾಡಿದ್ದಳು. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಇಳಿಯುವಾಗ ಹಾರ್ನ್ ಗದ್ದಲ. ತಪ್ಪು ಒಪ್ಪಿಕೊಳ್ಳಲು ಒಳ್ಳೆಯ ಮುಹೂರ್ತ ಹುಡುಕುವವನಿಗೆ ವರ್ಷವಿಡೀ ಆಷಾಢವೇ.

ವಾರದ ಮೇಲೆ ಅವಳ ಗಂಡ ಫೋನ್ ಮಾಡಿದರು. ಸುಮಾ ಗುಂಪು ಬಿಡುತ್ತಾಳಂತೆ, ದುರ್ಬೀನನ್ನು ನಾಗರಾಜಪ್ಪನವರಿಗೆ ಕೊಡುತ್ತಾಳಂತೆ. “ನೀವಾದ್ರೂ ಹೇಳಿ ಮಾರಾಯ್ರೆ” ಅಂದರು. ಭಾನುವಾರ ಬೆಳಗ್ಗೆ ಬಸ್ ಹತ್ತಿದೆ.

ನಾನು ಹೋದಾಗ ಅವರ ಮನೆ ಮುಂದೆ ಆಟೋ ನಿಂತಿತ್ತು. ದುರ್ಬೀನು ಹಳೆಯ ಬೆಡ್‌ಶೀಟ್ ಹೊದ್ದು ನಡುಮನೆಯಲ್ಲಿ ಮಲಗಿತ್ತು.

“ಬನ್ನಿ ಬನ್ನಿ, ಸರಿಯಾದ ಹೊತ್ತಿಗೇ ಬಂದ್ರಿ” ಎಂದರು ನಾಗರಾಜಪ್ಪನವರು. “ಒಂದು ಕೈ ಹಿಡೀರಿ. ನಿಮ್ಮ ತಂಗಿ ಇನ್ನು ಪಾಠ ಮಾಡ್ಕೊಂಡಿರಲಿ. ಇದೆಲ್ಲ ಯಂತ್ರ ತಿಳಿದೋರ ಕೆಲಸ.”

ಸುಮಾ ಕಾಫಿ ಲೋಟ ಇಡುತ್ತಾ, “ಹೌದು ಸಾರ್, ಅದನ್ನ ಮುಟ್ಟೋಕೇ ಈಗ ಧೈರ್ಯ ಇಲ್ಲ. ಮಕ್ಕಳ ಮುಂದೆ ಇನ್ನೊಂದ್ಸಲ ಬೇಡ” ಅಂದಳು.

ಬಸ್ಸಿನಲ್ಲಿ ನಾನು ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಒಳಗೆ ಕರೆದು ಮೆಲ್ಲಗೆ ಹೇಳೋಣವೆಂದಿದ್ದೆ. ಆದರೆ ಅವಳು ತಲೆ ತಗ್ಗಿಸಿದ್ದು ಜನರೆದುರು. ನಾಗರಾಜಪ್ಪನವರು ಹೋಗುವವರೆಗೆ ಕಾಯುವುದು ಇನ್ನೊಂದು ಮೋಸವಾಗುತ್ತಿತ್ತು.

“ಸಾರ್, ಅದನ್ನ ಎತ್ತಬೇಡಿ” ಅಂದೆ. “ಸುಮಾ, ನೀನೇನೂ ಕೆಡಿಸಿಲ್ಲ ಕಣೇ. ನೀನು ಟೆಂಟ್ ಕಟ್ತಿದ್ಯಲ್ಲ, ಆಗ ಆ ಮೂರೂ ತಿರುಪು ಬಿಗಿ ಮಾಡಿದ್ದು ನಾನು. ಗೊತ್ತಿಲ್ದೆ ಮಾಡಿದೆ. ಗೊತ್ತಾದ್ಮೇಲೂ ಸುಮ್ನಿದ್ದೆ. ಅದೇ ದೊಡ್ಡ ತಪ್ಪು. ನನ್ನನ್ನ ಕ್ಷಮಿಸು, ತಾಯಿ.”